ಜೋಡಿಯ ಹಾಜರಿ

ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ನಾನರಿಯೆ. ನಮ್ಮ ಸೊಸೆಗೆ ಅದು ಮದುವೆಮನೆಯ ವಾಸನೆ. ನನಗೆ ಮಾತ್ರ ಆ ವಾಸನೆ ಮೂಗಿಗೆ ಬಡಿದರೆ ಅಂಗೈ ಬೆವರುತ್ತದೆ. ಎಂಬತ್ತು ದಾಟಿದ ಮುದುಕಿ ಬಟ್ಟೆಗೆ ಹೆದರುತ್ತಾಳೆ ಎಂದರೆ ಮಂದಿ ನಗುತ್ತಾರೆಂದು ಇದನ್ನು ಯಾರಿಗೂ ಹೇಳಿಲ್ಲ. ನಾನು ಉಡುವುದೆಲ್ಲ ಮೆತ್ತನೆಯ ಹಳೆ ಸೀರೆ. ಅಜ್ಜಿಗೆ ಆಡಂಬರವಿಲ್ಲ ಎಂದು ಮನೆಯವರು ಹೊಗಳುತ್ತಾರೆ, ನಾನೂ ಸುಮ್ಮನೆ ಹೊಗಳಿಸಿಕೊಳ್ಳುತ್ತೇನೆ.

ಮೊನ್ನೆ ಬೀದರಿನ ನಮ್ಮ ಮನೆಗೆ ಆ ವಾಸನೆ ತಾನಾಗಿಯೇ ನಡೆದು ಬಂತು. ಗಂಜಿ ಹಾಕಿದ ಬಿಳಿ ಬಟ್ಟೆಯುಟ್ಟ ಕನ್ಯಾಮಠದ ಇಬ್ಬರು ಸಿಸ್ಟರುಗಳು. ಒಬ್ಬರು ಐವತ್ತು ದಾಟಿದವರು, ಮಾತು ಕಡಿಮೆ. ಇನ್ನೊಬ್ಬಳು ಚಿಕ್ಕವಳು, ಔರಾದ ಕಡೆಯ ಚಿಂತಾಕಿಯವಳಂತೆ, ಕೈಯಲ್ಲಿ ನೋಟುಬುಕ್ಕು. ಕುಳಿತವಳೇ ಫೋನು ತೆಗೆದು ತಮ್ಮ ಮಠಕ್ಕೆ ಸುದ್ದಿ ಮುಟ್ಟಿಸಿದಳು. ನಾನು ಬಂದು ಮುಟ್ಟಿದೆ ಎನ್ನಲಿಲ್ಲ. ಜೊತೆಗಿದ್ದ ಹಿರಿಯರನ್ನು ಒಮ್ಮೆ ನೋಡಿ, "ನಮ್ಮ ಸಿಸ್ಟರ್ ಅದಾರ್ರಿ" ಎಂದಳು. ಆಮೇಲೆ ಫೋನನ್ನು ಅವರ ಕೈಗೆ ಕೊಟ್ಟಳು. ಅವರು ಇವಳನ್ನು ನೋಡಿ, "ಈಕೀನೂ ಅದಾಳ್ರಿ" ಎಂದರು.

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಹಾಗೆ ಒಬ್ಬರಿಗಾಗಿ ಇನ್ನೊಬ್ಬರು ಹೇಳುವುದನ್ನು ನಾನು ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕೇಳಿರಲಿಲ್ಲ.

"ನಮ್ಮ ಸಿಸ್ಟರ್‌ಗಳ ಸಭಾ ಕಟ್ಟಿದ ಮದರ್ ಬಗ್ಗೆ ಒಂದು ಪುಸ್ತಕ ಮಾಡ್ಲಿಕತ್ತೀವ್ರಿ ಅಜ್ಜಿ" ಎಂದಳು ಚಿಕ್ಕವಳು. "ಆ ಕಾಲದಾಗ ಅವರ ಕೈಯಾಗ ಭಾಲ್ಕಿ ಸಾಲ್ಯಾಗ ಕಲ್ತವ್ರು ನೀವೊಬ್ರೇ ಉಳ್ದೀರಿ ಅಂದ್ರು. ಅವ್ರು ಯಾರಿಗೂ ಅಂಜ್ತಿದ್ದಿಲ್ಲಂತ, ಹೌದೇನ್ರಿ?"

"ಮೊದಲ ಚಹಾ ಕುಡೀರಿ" ಎಂದೆ. ಉತ್ತರ ಕೊಡಲಾಗದಾಗ ಚಹಾ ಕೊಡುವುದು ನನ್ನ ಹಳೆಯ ಉಪಾಯ.

ಅವರನ್ನು ನಾವು ಮದರ್ ಎನ್ನಲಿಲ್ಲ, ದೊಡ್ಡ ಅಕ್ಕೋರು ಎನ್ನುತ್ತಿದ್ದೆವು. ಹುಟ್ಟಿದ್ದು ದೂರದ ಕರಾವಳಿಯಲ್ಲಿ. ಅಲ್ಲಿ ದೊಡ್ಡದೊಂದು ಕನ್ಯಾಮಠದಲ್ಲಿ ಟೀಚರಾಗಿದ್ದವರು, ನಿಜಾಮನ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಕನ್ನಡದ ಶಾಲೆಯೇ ಇಲ್ಲವೆಂದು ಯಾರಿಂದಲೋ ಕೇಳಿ, ಇಬ್ಬರು ಜೊತೆಗಾತಿಯರನ್ನು ಕಟ್ಟಿಕೊಂಡು ಬೀದರಿಗೆ ಬಂದಿಳಿದರಂತೆ. ಬಾಡಿಗೆ ಮನೆಯ ಪಡಸಾಲೆಯಲ್ಲಿ ಶಾಲೆ ತೆರೆದರೆ ಮೊದಲ ವರ್ಷ ಬಂದದ್ದು ನಾಲ್ಕು ಹುಡುಗಿಯರು, ಅವರಲ್ಲಿ ಮೂವರು ಬಂದದ್ದು ಹೊಲಿಗೆ ಕಲಿಯಲು. ಆಮೇಲೆ ಭಾಲ್ಕಿ, ಆಮೇಲೆ ಔರಾದ. ಕಲಿಸುವುದಕ್ಕೆಂದೇ ಸಿಸ್ಟರುಗಳ ಒಂದು ಹೊಸ ಸಭೆ ಕಟ್ಟಿ ಅದಕ್ಕೆ ಚರ್ಚಿನ ಮೇಲಿನವರ ಒಪ್ಪಿಗೆ ತಂದರಂತೆ. ಅದೆಲ್ಲ ಊರವರಿಗೆ ಗೊತ್ತಿರಲಿಲ್ಲ. ಊರವರಿಗೆ ಗೊತ್ತಿದ್ದದ್ದು ಎತ್ತಿನ ಗಾಡಿಯಲ್ಲಿ ಹಲಬರ್ಗಾ, ಭಾತಂಬ್ರಾ ಎಂದು ತಿರುಗಿ, "ನಿಮ್ಮ ಹುಡುಗಿಯನ್ನು ಕಳಿಸ್ತೀರಾ?" ಎಂದು ಕೇಳುವ ಕನ್ನಡಕದ ಹೆಂಗಸು. ಕನ್ನಡಕದ ಒಂದು ಕಡ್ಡಿ ಮುರಿದು ದಾರ ಕಟ್ಟಿದ್ದರು. ಅವರ ಕನ್ನಡವೂ ನಮಗೆ ನಗೆ. ನಮ್ಮಲ್ಲಿ ಯಾರಾದರೂ ಸ್ಲೇಟು ಬೀಳಿಸಿದರೆ "ಎಂತ ಮಾರಾಯ್ತಿ!" ಎನ್ನುವರು. ಅದನ್ನು ಕೇಳಲಿಕ್ಕೇ ನಾವು ಸ್ಲೇಟು ಬೀಳಿಸುತ್ತಿದ್ದೆವು.

ಭಾಲ್ಕಿಯಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆಗೇ ಶಾಲೆ. ನಮ್ಮ ಅಜ್ಜಿ ಅವರನ್ನು ಮೊದಮೊದಲು ಒಳಗೆ ಕರೆಯಲಿಲ್ಲ. ಕೊನೆಗೆ ಒಂದು ದಿನ ಕಟ್ಟೆಯ ಮೇಲೆ ಕೂರಿಸಿ, ಅವರ ಕೊರಳ ಶಿಲುಬೆಯನ್ನು ದಿಟ್ಟಿಸಿ ನೋಡಿ, ತನ್ನ ಕೊರಳ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು, "ಆಕಿನೂ ದೇವ್ರನ್ನ ಕೊಳ್ಳಾಗ ಕಟ್ಕೊಂಡಾಳ, ನಾನೂ ಕಟ್ಕೊಂಡೇನಿ. ಹೋಗಲಿ ಬಿಡು, ಹುಡಿಗಿ ಕಲೀಲಿ" ಎಂದಳು. ಅಜ್ಜಿಗೆ ಒಪ್ಪಿಗೆಯಾಗದ್ದು ಒಂದೇ. ಅಕ್ಕೋರು ವಾರಕ್ಕೊಮ್ಮೆ ಅಕ್ಕಿ ಬೇಯಿಸಿ, ಗಂಜಿ ಬಸಿದು, ಬಟ್ಟೆಗೆ ಹಾಕುತ್ತಿದ್ದರು. ಜೋಳದ ರೊಟ್ಟಿಯ ಸೀಮೆಯಲ್ಲಿ ಹಬ್ಬಕ್ಕಷ್ಟೇ ಕಾಣುವ ಅನ್ನದ ಸಾರವನ್ನು ಬಟ್ಟೆಗೆ ಕುಡಿಸುವುದೆಂದರೆ ಅಜ್ಜಿಯ ಹೊಟ್ಟೆ ಉರಿಯುತ್ತಿತ್ತು.

ಅಕ್ಕೋರ ಶಾಲೆಯಲ್ಲಿ ಹಾಜರಿ ಕೂಗುವ ರೀತಿಯೇ ಬೇರೆ. ನಮ್ಮ ಹೆಸರು ಕರೆದರೆ ನಾವು ಉತ್ತರ ಕೊಡುವಂತಿರಲಿಲ್ಲ. ಪ್ರತಿಯೊಬ್ಬ ಹುಡುಗಿಗೂ ಒಬ್ಬಳು ಜೋಡಿ. ನನ್ನ ಹೆಸರಿಗೆ ನನ್ನ ಜೋಡಿ ಎದ್ದು ನಿಂತು "ಅದಾಳ್ರಿ" ಎನ್ನಬೇಕು, ಅವಳ ಹೆಸರಿಗೆ ನಾನು. ಜೋಡಿ ಬಂದಿಲ್ಲವೆಂದರೆ ಮಧ್ಯಾಹ್ನದ ಬಿಡುವಿನಲ್ಲಿ ಅವಳ ಮನೆಗೆ ಹೋಗಿ, ಕಣ್ಣಾರೆ ನೋಡಿ ಬಂದು, ಬಿಡುವಿನ ನಂತರದ ಹಾಜರಿಯಲ್ಲಿ ಹೇಳಬೇಕು. ಯಾರಿಂದಲೋ ಕೇಳಿ ತಿಳಿದದ್ದು ನಡೆಯದು.

ಇದು ಯಾಕೆಂದು ಒಮ್ಮೆ ಹೊಲಿಗೆಯ ಹೊತ್ತಿನಲ್ಲಿ ಹೇಳಿದ್ದರು. ಅವರು ಚಿಕ್ಕವರಿದ್ದಾಗ ಶಾಲೆಯಲ್ಲಿ ಪಕ್ಕ ಕೂರುತ್ತಿದ್ದ ಹುಡುಗಿ ಒಂದು ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ. ಟೀಚರು ಹೆಸರು ಹೊಡೆದು ಹಾಕಿದರು. ಬಾವಿಗೆ ಬಿದ್ದಿದ್ದಳೆಂದು ಗೊತ್ತಾದದ್ದು ತಿಂಗಳ ಮೇಲೆ. "ಹತ್ತಿರವೇ ಮನೆ ಇದ್ದದ್ದು. ನಾನು ಹೋಗಿ ನೋಡಬಹುದಿತ್ತಲ್ಲ?" ಎಂದು ಸೂಜಿಗೆ ದಾರ ಪೋಣಿಸುತ್ತ ಅಂದರು. ಸಭೆ ಕಟ್ಟಿದಾಗ ಅವರು ಬರೆದ ಮೊದಲ ನಿಯಮವೂ ಅದೇ ಅಂತೆ, ಯಾರನ್ನೂ ಒಬ್ಬಂಟಿಯಾಗಿ ಬಿಡಬಾರದು ಎಂದು. ಸಿಸ್ಟರುಗಳು ಹೊರಗೆ ಹೊರಟರೂ ಇಬ್ಬಿಬ್ಬರು, ಸಂಜೆಯ ಪ್ರಾರ್ಥನೆಯಲ್ಲೂ ಒಬ್ಬರ ಹೆಸರಿಗೆ ಇನ್ನೊಬ್ಬರ ಉತ್ತರ.

ನನ್ನ ಜೋಡಿ ಮಹಬೂಬಿ. ಬಳೆಗಾರರ ಮಗಳು. ನಾನು ಹಲ್ಲಿಗೆ, ಎಮ್ಮೆಗೆ, ಅಂಚೆಯವನ ಗಂಟೆಗೆ, ಹೀಗೆ ಎಲ್ಲಕ್ಕೂ ಹೆದರುವವಳು. ಅವಳು ಹಲ್ಲಿಯ ಬಾಲ ಹಿಡಿದು ಎತ್ತುವವಳು. ಅವಳ ಅಬ್ಬಾ ಬಳೆ ತೊಡಿಸಲು ನನ್ನ ಕೈ ಹಿಡಿಯುವ ಮೊದಲೇ ನಾನು ಅಳಲು ಶುರು ಮಾಡುತ್ತಿದ್ದೆ. ಅವರು ನನ್ನ ಗೆಣ್ಣುಗಳನ್ನು ಮೆಲ್ಲಗೆ ಒತ್ತುತ್ತ, "ಕೈ ಸಡಲ ಬಿಡವ್ವ. ಅಂಜಿದ ಕೈಗಿ ಬಳಿ ಏರಂಗಿಲ್ಲ" ಎನ್ನುತ್ತಿದ್ದರು. ಮಾತು ಮುಗಿಯುವುದರೊಳಗೆ ಡಜನ್ ಬಳೆ ಕೈಯಲ್ಲಿರುತ್ತಿದ್ದವು.

ಆಮೇಲೆ ನಿಜಾಮನ ಪರವಾಗಿ ಊರೂರು ಸುಲಿಯುವ ರಜಾಕಾರರ ಕಾಲ ಬಂತು. ಆ ಬೇಸಿಗೆಯಲ್ಲಿ ನಮ್ಮ ಓಣಿಯ ಎಷ್ಟೋ ಮನೆಯವರು ಗಡಿ ದಾಟಿ ಸೊಲ್ಲಾಪುರದ ಕಡೆ ಹೋದರು. ಅಪ್ಪನೂ ಹೋಗಿದ್ದ. ಮಳೆಗಾಲದಲ್ಲಿ ಗಲಾಟೆ ಹೆಚ್ಚಿದ ಮೇಲೆ ಅವ್ವ, ನಾನು ಒಳಮನೆಯಲ್ಲಿ ಜೋಳದ ಚೀಲಗಳ ಹಿಂದೆ ಹಗಲೆಲ್ಲ ಕೂತಿರುತ್ತಿದ್ದೆವು. ನಾನು ಶಾಲೆ ಬಿಟ್ಟು ಒಂದು ತಿಂಗಳಾಗಿರಬಹುದು. ಆ ಒಂದು ತಿಂಗಳೂ ಮಹಬೂಬಿ ದಿನಾ ಮಧ್ಯಾಹ್ನ ಬಂದು, ಚೀಲಗಳ ನಡುವೆ ತಲೆ ತೂರಿಸಿ, ನನ್ನನ್ನು ನೋಡಿ ಹೋಗುತ್ತಿದ್ದಳು. ಅಜ್ಜಿಗೆ ಅವಳೆಂದರೆ ಜೀವ ಹಾರುತ್ತಿತ್ತು. "ಆ ಹುಡಿಗಿ ಎಲ್ಲರೆ ಬಾಯಿ ಬಿಟ್ಟಳಂದ್ರ ನಮ್ಮ ಗತಿ ಏನು?" ಒಮ್ಮೆ ಅವಳು ಹೊಸ್ತಿಲು ದಾಟುವಾಗಲೇ ಬಾಗಿಲಲ್ಲಿ ಯಾರೋ ರಜಾಕಾರರು ತಡೆದು, ಒಳಗೆ ಯಾರಿದ್ದಾರೆಂದು ಗದರಿಸಿ ಕೇಳಿದರು. ಗೋಡೆಯ ಈಚೆ ಅವ್ವ ನನ್ನ ಬಾಯಿ ಒತ್ತಿ ಹಿಡಿದಿದ್ದಳು. "ಮುದುಕಿ ಒಬ್ಬಾಕಿ ಅದಾಳ. ಕಣ್ಣು ಕಾಣಂಗಿಲ್ಲ ಆಕಿಗಿ" ಎಂದಳು ಮಹಬೂಬಿ, ಸೊಪ್ಪಿನ ದರ ಹೇಳುವವಳ ಹಾಗೆ. ಆ ದಿನ ಬಿಡುವಿನ ನಂತರದ ಹಾಜರಿಯಲ್ಲೂ ಅವಳು ನನ್ನ ಹೆಸರಿಗೆ ಎದ್ದು "ಅದಾಳ್ರಿ" ಎಂದಿರಬೇಕು.

ಮಳೆಗಾಲದ ಕೊನೆಗೆ ಭಾರತದ ಸೈನ್ಯ ಬಂದು ಪೊಲೀಸ್ ಕಾರ್ಯಾಚರಣೆ ಆಯಿತು. ಐದಾರು ದಿನಗಳಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು ಅಂದರು. ಅಪ್ಪ ಇನ್ನೂ ಬಂದಿರಲಿಲ್ಲ, ಆದರೆ ನಾವು ಚೀಲಗಳ ಹಿಂದಿನಿಂದ ಹೊರಗೆ ಬಂದೆವು. ಅಜ್ಜಿ ಅಂಗಳಕ್ಕೆ ಸೆಗಣಿ ಸಾರಿಸಿದಳು. ಹೆದರಿಕೆ ಮುಗಿಯಿತು ಎಂದುಕೊಂಡೆ. ಅದು ಮುಗಿದಿರಲಿಲ್ಲ, ನಮ್ಮ ಓಣಿಯಿಂದ ಬಳೆಗಾರರ ಓಣಿಗೆ ಹೋಗಿತ್ತು.

ಕಾರ್ಯಾಚರಣೆಯ ದಿನಗಳಲ್ಲಿ ಮುಚ್ಚಿದ್ದ ಶಾಲೆಯನ್ನು ಅಕ್ಕೋರು ಮತ್ತೆ ತೆರೆದರು. ಬಂದವರು ಒಂಬತ್ತು ಹುಡುಗಿಯರು. ಮಹಬೂಬಿಯ ಹೆಸರು ಕರೆದಾಗ ನಾನು ಎದ್ದು, "ಬಂದಿಲ್ರಿ" ಎಂದೆ. ಮಧ್ಯಾಹ್ನ ಅವಳ ಮನೆಗೆ ಹೊರಟೆ. ಬೇವಿನ ಗಿಡದ ತಿರುವಿನವರೆಗೆ ಹೋದೆ. ರಜಾಕಾರರ ಮೇಲಿನ ಸೇಡನ್ನು ಬಳೆಗಾರರ ಮೇಲೆ ತೀರಿಸಲು ಅಲ್ಲಿ ಏಳೆಂಟು ಜನ ನಿಂತಿದ್ದರು. ಹೊರಗಿನವರಾಗಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲವೇನೋ. ಎಲ್ಲರೂ ನಾನು ಬಲ್ಲವರೇ. ಮುಂದೆ ನಿಂತಿದ್ದವನು ನಮ್ಮ ಓಣಿಯ ಕಿರಾಣಿ ಅಂಗಡಿಯವನು, ನಾನು ಎಣ್ಣೆಗೆ ಹೋದಾಗಲೆಲ್ಲ ಕೈಗೆ ಬೆಲ್ಲದ ಚೂರು ಕೊಡುವವನು. ಅವನ ಕೈಯಲ್ಲಿ ಕೊಡಲಿ ಇತ್ತು. ನನ್ನನ್ನು ನೋಡಿ ಎಂದಿನಂತೆ ನಕ್ಕು, "ಎಲ್ಲಿಗವ್ವ?" ಎಂದ. ಆ ನಗು ನೋಡಿದ್ದೇ ತಡ, ಹಿಂದಿರುಗಿ ಓಡಿದೆ. ಶಾಲೆಯ ಹಿಂದಿನ ಗೋಡೆಗೆ ಆತು ಕುಳಿತು, ಗಂಟೆ ಬಾರಿಸಿದ ಮೇಲೆ ಒಳಗೆ ಹೋದೆ.

"ಮಹಬೂಬಿ?"

"ಅದಾಳ್ರಿ. ಮನ್ಯಾಗ ಅದಾಳ್ರಿ, ನೋಡಿ ಬಂದೇನಿ."

"ಎಂತ ಮಾಡ್ತಿದ್ದಳು?"

"ರೊಟ್ಟಿ ಬಡೀಲಿಕತ್ತಿದ್ದಳ್ರಿ."

ಅಕ್ಕೋರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹಾಜರಿ ಪುಸ್ತಕದಲ್ಲಿ ಗುರುತು ಹಾಕಿದರು. ಪೆನ್ನಿನ ಆ ಕರಕರ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಎರಡನೇ ದಿನ ನಾನು ತಿರುವಿನವರೆಗೂ ಹೋಗಲಿಲ್ಲ, ನೇರವಾಗಿ ಗೋಡೆಯ ಹಿಂದೆ ಕುಳಿತೆ. ಮೂರನೇ ದಿನವೂ ಅಷ್ಟೇ. ಮೂರು ದಿನವೂ "ಅದಾಳ್ರಿ" ಎಂದೆ. ಸುಳ್ಳು ಹೇಳುವುದು ಇಷ್ಟು ಸಲೀಸೇ ಎಂದು ನನಗೇ ಆಶ್ಚರ್ಯ.

ಮೂರನೇ ದಿನ ಗುರುತು ಹಾಕಿದ ಅಕ್ಕೋರು ಪುಸ್ತಕ ಮುಚ್ಚಲಿಲ್ಲ. ಎದ್ದು ಮಾಳಿಗೆ ಹತ್ತಿದರು. ಇಳಿದು ಬಂದು ನನ್ನ ಮುಂದೆ ನಿಂತರು.

"ಆ ಓಣಿಯಲ್ಲಿ ಇವತ್ತೂ ಒಂದು ಒಲೆಯ ಹೊಗೆ ಎದ್ದಿಲ್ಲ, ಮೂರು ದಿನವಾಯಿತು" ಎಂದರು. "ಬಾ."

"ನಾ ಒಲ್ಲೇನ್ರಿ ಅಕ್ಕೋರ."

"ಜೋಡಿ ಇಲ್ಲದೆ ನಾನು ಹೋಗುವ ಹಾಗಿಲ್ಲ ಮಗಾ. ಬಾ."

ಬೇರೆ ಸಿಸ್ಟರೊಬ್ಬರು ಒಳಗೇ ಇದ್ದರು. ಅವರನ್ನು ಬಿಟ್ಟು ನನ್ನನ್ನು ಯಾಕೆ ಕರೆದರು ಎಂದು ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ನೋಡಿ ಬರಬೇಕಾದ ಜೋಡಿ ನಾನೇ.

ನೆತ್ತಿ ಸುಡುವ ಬಿಸಿಲು. ಓಣಿಯಲ್ಲಿ ನಾಯಿ ಕೂಡ ಇರಲಿಲ್ಲ. ಅಕ್ಕೋರ ಗಂಜಿ ಹಾಕಿದ ಬಟ್ಟೆ ಹೆಜ್ಜೆ ಹೆಜ್ಜೆಗೂ ಸರಕ್ ಸರಕ್ ಎನ್ನುತ್ತಿತ್ತು. ಇಡೀ ಊರಿಗೆ ಆ ಸದ್ದು ಕೇಳುತ್ತದೆಂದು ನನಗೆ ಭಯ. ನನ್ನ ಮುಖ ಆ ಬಟ್ಟೆಗೆ ಒತ್ತಿಕೊಂಡೇ ನಡೆದೆ, ಮೂಗಿನ ತುಂಬ ಅದೇ ವಾಸನೆ. ನನ್ನ ಕೈ ಹಿಡಿದಿದ್ದ ಅವರ ಕೈ ಒದ್ದೆಯಾಗಿತ್ತು. ಮೊದಲು ನನ್ನ ಬೆವರೇ ಅಂದುಕೊಂಡೆ. ಆಮೇಲೆ ತಿಳಿಯಿತು, ಅವರ ಕೈ ನಡುಗುತ್ತಿದೆ. ದೊಡ್ಡವರಿಗೂ ಹೆದರಿಕೆಯಾಗುತ್ತದೆ ಎಂದು ಗೊತ್ತಾದದ್ದು ಆಗಲೇ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿಲ್ಲ.

ತಿರುವಿನಲ್ಲಿ ನಿಂತವರು ಹಾದಿ ಬಿಟ್ಟರು, ಆದರೆ ಹಿಂದೆ ಹಿಂದೆಯೇ ಬಂದರು. ಬಳೆಗಾರರ ಓಣಿಯ ಬಾಗಿಲುಗಳೆಲ್ಲ ಹಾರು ಹೊಡೆದಿದ್ದವು. ನೆಲದ ತುಂಬ ಬಳೆಯ ಚೂರು. ಮಹಬೂಬಿಯ ಮನೆಗೆ ಮಾತ್ರ ಹೊರಗಿನಿಂದ ಬೀಗ. ಅಕ್ಕೋರು ಬಾಗಿಲಿಗೆ ಬಾಯಿ ತಾಗಿಸಿ ಮೆಲ್ಲಗೆ "ಮಹಬೂಬಿ" ಎಂದರು. ಉತ್ತರವಿಲ್ಲ. ಇನ್ನೊಮ್ಮೆ ಕರೆದರು. ಇಲ್ಲ. ತಮ್ಮ ಹೆಸರನ್ನು ಯಾರು ಕರೆದರೂ ಉಸಿರೆತ್ತಬಾರದ ದಿನಗಳು ಅವು. ಜೋಳದ ಚೀಲಗಳ ಹಿಂದೆ ನಾನೂ ಹಾಗೇ ಕೂತಿದ್ದವಳು.

ಅಕ್ಕೋರು ನೆಟ್ಟಗೆ ನಿಂತರು. ಶಾಲೆಯಲ್ಲಿ ಕೂಗುವ ದನಿಯಲ್ಲೇ, ಅಪ್ಪನ ಹೆಸರು ಸೇರಿಸಿ, ನನ್ನ ಹೆಸರು ಕರೆದರು.

ಆಮೇಲೆ ಬೀಗ ಹಾಕಿದ ಮನೆಯ ಒಳಗಿನಿಂದ, ಬತ್ತಿದ ಗಂಟಲಿನ ಸಣ್ಣ ದನಿ:

"ಅದಾಳ್ರಿ."

ನನ್ನನ್ನು ಕಣ್ಣಿಂದ ನೋಡದೆಯೇ ಅವಳು ನನ್ನ ಹಾಜರಿ ಹೇಳಿದ್ದಳು. ನನ್ನ ದನಿಯನ್ನೂ ಕೇಳಿರಲಿಲ್ಲ. ಅಕ್ಕೋರು ಬಂದಿದ್ದಾರೆಂದರೆ ಜೊತೆಗೆ ನಾನು ಇದ್ದೇ ಇರುತ್ತೇನೆ ಎಂದು ಅವಳಿಗೆ ಅಷ್ಟು ನಂಬಿಕೆ.

ಆ ಉತ್ತರ ನಮ್ಮ ಹಿಂದೆ ನಿಂತವರಿಗೂ ಕೇಳಿತ್ತು. ಅಕ್ಕೋರು ಕಿರಾಣಿಯವನ ಕಡೆ ತಿರುಗಿ, "ನಿಮ್ಮ ಕೊಡಲಿ ಸ್ವಲ್ಪ ಕೊಡ್ತೀರಾ ಅಣ್ಣ? ಬೀಗ ಒಡೀಬೇಕು" ಎಂದರು. ಅವನು ನನ್ನನ್ನು ನೋಡಿದ. ಈ ಸಲ ನಗಲಿಲ್ಲ. ಕೊಡಲಿಯನ್ನು ಕೈಗೆ ಕೊಡಲೂ ಇಲ್ಲ, ನೆಲಕ್ಕಿಟ್ಟು ಬೇರೆ ಕಡೆ ಮುಖ ಮಾಡಿ ನಿಂತ.

ಒಳಗೆ ಬಳೆಯ ಪೆಟ್ಟಿಗೆಗಳ ಹಿಂದೆ ಮಹಬೂಬಿ, ಅವಳ ಅಮ್ಮಿ. ತುಟಿ ಒಡೆದು ಬಿಳಿಯಾಗಿದ್ದವು. ಅಬ್ಬಾ ಇರಲಿಲ್ಲ.

"ನೀ ಬರ್ತಿ, ಅಕ್ಕೋರಿಗಿ ಹೇಳ್ತಿ ಅಂತ ಅಬ್ಬಾಗ ಹೇಳಿದ್ದೆ" ಎಂದಳು ಮಹಬೂಬಿ ನನಗೆ. "ಅದಕ್ಕ ಮೊನ್ನಿ ದಿನಾ ಪೂರಾ ಕುಂತ್ರು. ಮನ್ಯಾಗ ನೀರಿದ್ದಿಲ್ಲ. ನಿನ್ನಿ ಮಧ್ಯಾಹ್ನ ಬೀಗ ಹಾಕ್ಕೊಂಡು ನೀರಿಗಿ ಹೋದ್ರು. ಹಾದಿ ಬಂದ್ ಇತ್ತೇನ ನಿನಗ?"

"ಹೂಂ" ಎಂದೆ. ಅದು ನಾಲ್ಕನೆಯ ಸುಳ್ಳು.

ಅಬ್ಬಾ ತಿರುಗಿ ಬರಲಿಲ್ಲ. ತಾಯಿ ಮಗಳನ್ನು ಅಕ್ಕೋರು ಶಾಲೆಯ ಹಿಂದಿನ ಕೋಣೆಯಲ್ಲಿ ಇಟ್ಟರು, ಗಂಜಿ ಹಾಕಿದ ಬಟ್ಟೆ ಆರಿಸುವ ಕೋಣೆ ಅದು. ಎರಡು ವಾರ ನಾನು ದಿನಾ ಅಲ್ಲಿಗೆ ರೊಟ್ಟಿ ಒಯ್ದೆ. ಅಜ್ಜಿಯೇ ಬಡಿದು ಕೊಡುತ್ತಿದ್ದಳು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ. ಮಹಬೂಬಿ ನನ್ನ ಜೊತೆ ಮಾತಾಡುತ್ತಿದ್ದಳು, ಒಂದೆರಡು ಸಲ ನಕ್ಕಳು ಕೂಡ. ಅವಳು ನಕ್ಕಾಗಲೆಲ್ಲ ನಾನು ಬಾಗಿಲ ಕಡೆ ನೋಡುತ್ತಿದ್ದೆ. ಇವತ್ತು ಗೊತ್ತಾಗುತ್ತದೆ, ಇವತ್ತು ಅಕ್ಕೋರು ಹೇಳಿಬಿಡುತ್ತಾರೆ, ಹಾಜರಿ ಪುಸ್ತಕದಲ್ಲಿ ನನ್ನ ಮೂರು ಸುಳ್ಳು ಬರೆದಿದೆ, ಯಾರು ಬೇಕಾದರೂ ತೆರೆದು ಓದಬಹುದು. ನಾನು ಬಟ್ಟೆಗೆ ಹೆದರುವುದು ಯಾಕೆಂದು ಈಗ ತಿಳಿಯಿತಲ್ಲ.

ಆಮೇಲೆ ಅವರಿಬ್ಬರನ್ನೂ ಸಿಸ್ಟರುಗಳ ಗಾಡಿಯಲ್ಲಿ ಬೀದರಿಗೆ, ಅಲ್ಲಿಂದ ಹೈದರಾಬಾದಿಗೆ, ಅಮ್ಮಿಯ ತವರಿಗೆ ಕಳಿಸಿದರು. ಮಹಬೂಬಿಯನ್ನು ನಾನು ಮತ್ತೆ ನೋಡಲಿಲ್ಲ.

ಅವರು ಹೋದ ದಿನ ಅಕ್ಕೋರು ಹಿತ್ತಲಲ್ಲಿ ಬಟ್ಟೆಗೆ ಗಂಜಿ ಹಾಕುತ್ತಿದ್ದರು. ನನ್ನನ್ನು ಕರೆದರು. ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

"ನೀನು ನೋಡಿರಲಿಲ್ಲ ಅಂತ ನನಗೆ ಮೊದಲ ದಿನವೇ ಅನ್ನಿಸಿತ್ತು" ಎಂದರು. "ನಿನ್ನ ಮಾತು ನಂಬಿದರೆ ನಾನು ಹೋಗುವುದು ಬೇಡವಲ್ಲ ಮಗಾ? ಅದಕ್ಕೆ ನಂಬಿದೆ."

ಹತ್ತು ವರ್ಷದವಳಿಗೆ ಅದು ಅರ್ಥವಾಗಲಿಲ್ಲ. ವರ್ಷ ಮುಗಿಯುವವರೆಗೂ ಅಕ್ಕೋರು ದಿನಾ ಬೆಳಿಗ್ಗೆ ಮಹಬೂಬಿಯ ಹೆಸರು ಕರೆದರು. ದಿನಾ ನಾನು ಎದ್ದು ನಿಂತು, "ನೋಡಿಲ್ರಿ" ಎಂದೆ.

ಈ ಕಥೆಯನ್ನು ನಾನು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ಅಕ್ಕೋರು ನನ್ನ ಕೈ ಹಿಡಿದು ಹೊರಟಲ್ಲಿಂದಲೇ ಶುರು. ಮೊಮ್ಮಕ್ಕಳ ಕಣ್ಣಲ್ಲಿ ನಾನೊಬ್ಬ ಧೀರೆ. ಮೊನ್ನೆ ಮಾತ್ರ ಆ ಚಿಕ್ಕ ಸಿಸ್ಟರು ಫೋನಿನಲ್ಲಿ "ಅದಾರ್ರಿ" ಎಂದದ್ದು ಕಿವಿಯಲ್ಲಿ ಉಳಿದುಬಿಟ್ಟಿತ್ತು. ಅವಳು ನೋಡಿ ಹೇಳಿದ್ದಳು. ಚಹಾದ ಬಟ್ಟಲು ಕೆಳಗಿಟ್ಟು, ಎಲ್ಲವನ್ನೂ ಹೇಳಿದೆ. ಮೂರು ದಿನವನ್ನೂ ಹೇಳಿದೆ, ಹಿತ್ತಲಿನ ಮಾತನ್ನೂ ಹೇಳಿದೆ. "ನಿಮ್ಮ ಮದರ್ ಅಂಜ್ತಿದ್ರವ್ವ. ನನಕಿಂತ ಹೆಚ್ಚು ಅಂಜಿದ್ರು. ಅಂಜಿಕೋತನೇ ಹೋದ್ರು" ಎಂದೆ. ಚಿಕ್ಕವಳ ಪೆನ್ನು ಯಾವಾಗಲೋ ನಿಂತಿತ್ತು. ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸೊಸೆ ನನ್ನ ಮುಖ ನೋಡಲಿಲ್ಲ.

ಅಲ್ಲಿಯವರೆಗೆ ಸುಮ್ಮನಿದ್ದ ಹಿರಿಯ ಸಿಸ್ಟರು ಆಗ ಮಾತಾಡಿದರು.

"ಆ ವರ್ಷದ ಹಾಜರಿ ಪುಸ್ತಕ ನಮ್ಮ ಬೀದರ ಮಠದಾಗ ಅದ ರೀ. ನಮಗ ತಿಳೀಲಾರದ್ದು ಒಂದು ಅದ್ರಾಗ ಇತ್ತು. ಮಹಬೂಬಿ ಅನ್ನೋ ಹೆಸರಿನ ಮುಂದ ಮೂರು ದಿನದ ಗುರ್ತು ಹೊಡದು ಹಾಕ್ಯಾರ. ಬಾಜೂಕ ಮದರ್ ತಮ್ಮ ಕೈಲೆ ಬರದಾರ್ರಿ, 'ಈ ಮೂರು ದಿನ ನಾನು ಹೋಗಿ ನೋಡಲಿಲ್ಲ' ಅಂತ. ಕೆಳಗ ಸಹಿ ಮಾಡ್ಯಾರ."

"ನನ್ನ ಹೆಸರು?"

"ಯಾವ ಹುಡುಗೀ ಹೆಸರೂ ಇಲ್ರಿ. ಅವರೊಬ್ಬರದೇ."

ನಾನು ಹೆದರಿಕೊಂಡು ಬಂದ ಆ ಪುಟದಲ್ಲಿ ನಾನು ಇರಲೇ ಇಲ್ಲ. ಹಗುರಾಗಬೇಕಿತ್ತು. ಆಗಲಿಲ್ಲ. ಯಾರನ್ನೂ ಒಬ್ಬಂಟಿಯಾಗಿ ಬಿಡಬಾರದೆಂದು ಕಲಿಸಿದವರು, ಆ ಪುಟದಲ್ಲಿ ಇಷ್ಟು ವರ್ಷ ಒಬ್ಬರೇ ನಿಂತಿದ್ದರು.

"ಪುಸ್ತಕದಾಗ ಇದನ್ನ ಬರೀಲ್ಯಾ, ಬ್ಯಾಡೇನ್ರಿ ಅಜ್ಜಿ?" ಎಂದಳು ಚಿಕ್ಕವಳು ಮೆಲ್ಲಗೆ.

"ಬರೀರಿ. ಅಕ್ಕೋರ ಬಾಜೂಕ ನನ್ನ ಹೆಸರೂ ಬರೀರಿ. ಅಪ್ಪನ ಹೆಸರು ಸೇರಿಸಿ ಬರೀರಿ."

ಹೇಳಿದೆ, ಬರೆದುಕೊಂಡಳು. ಸರಿಯಾಗಿದೆಯೇ ನೋಡೋಣ, ಒಮ್ಮೆ ಓದು ಎಂದೆ. ಅವಳು ಬೆನ್ನು ನೆಟ್ಟಗೆ ಮಾಡಿ, ಶಾಲೆಯಲ್ಲಿ ಓದುವವಳ ಹಾಗೆ, ನನ್ನ ಹೆಸರನ್ನು ಗಟ್ಟಿಯಾಗಿ ಓದಿದಳು.

ಓದಿ ಮುಗಿಸಿ ಅವಳು ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯಲಿಲ್ಲ. ನನ್ನ ಹೆಸರಿಗೆ ಉತ್ತರ ಕೊಡಬೇಕಾದವಳು ನಾನಲ್ಲ, ಮಹಬೂಬಿ. ಬೆವರಿದ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, ಮುಚ್ಚಿದ್ದ ಬೀದಿ ಬಾಗಿಲ ಕಡೆ ನೋಡುತ್ತ ಕುಳಿತೆ.